ಸ್ಕಾಟ್ಲೆಂಡಿನ ಜನಮತಗಣನೆ: ಮೂವರು ನಾಯಕರು ಸಹಿ ಹಾಕಿ ಕೊಟ್ಟ ಮಾತು ಏನಾಯಿತು?

ಕ್ಲೈಡ್ ದಂಡೆಯವನು, ಗ್ಲಾಸ್ಗೋ:

ಎಲ್ಲರಿಗೂ ನಮಸ್ಕಾರ. ಬ್ರೆಕ್ಸಿಟ್ ಕುರಿತ ಚರ್ಚೆಯಲ್ಲಿ ಸದಸ್ಯರೊಬ್ಬರು "2014ರಲ್ಲಿ ಲಂಡನ್ನಿನವರು ಸ್ಕಾಟ್ಲೆಂಡಿಗೆ ಟೋಪಿ ಹಾಕಿದರು" ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟಿದ್ದರು. ಆ ಮಾತನ್ನು ಅಲ್ಲಿಗೇ ಬಿಡಲು ಮನಸ್ಸು ಒಪ್ಪಲಿಲ್ಲ. ಆ ಜನಮತಗಣನೆಯಲ್ಲಿ ನಾನೂ ಮತ ಹಾಕಿದವನು. ಆಗ ನನ್ನ ಬಳಿ ಇದ್ದದ್ದು ಭಾರತದ ಪಾಸ್‌ಪೋರ್ಟ್. ಸ್ಕಾಟ್ಲೆಂಡಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಮತದ ಹಕ್ಕು ಇತ್ತು. ಹೀಗಾಗಿ ಇಲ್ಲಿನ ಕನ್ನಡಿಗರಲ್ಲಿ ಅನೇಕರು ಮತ ಹಾಕಿದರು. ಹದಿನಾರು ತುಂಬಿದ ಹುಡುಗ ಹುಡುಗಿಯರಿಗೂ ಮೊದಲ ಬಾರಿ ಆ ಅವಕಾಶ ಸಿಕ್ಕಿತ್ತು.

ಮತಪತ್ರದಲ್ಲಿ ಒಂದೇ ಪ್ರಶ್ನೆ: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ? ಕೆಳಗೆ ಎರಡು ಚೌಕ, ಒಂದು ಹೌದು, ಇನ್ನೊಂದು ಇಲ್ಲ. ಮತಗಟ್ಟೆಯಲ್ಲಿ ದಾರ ಕಟ್ಟಿ ಇಟ್ಟಿದ್ದ ಮೋಟು ಪೆನ್ಸಿಲಿನಿಂದ ಒಂದು ಗುರುತು ಹಾಕಿದರೆ ಮುಗಿಯಿತು. 2014ರ ಸೆಪ್ಟೆಂಬರ್ 18ರಂದು ಶೇ 84.6ರಷ್ಟು ಮತದಾರರು ಬಂದರು. ಇಲ್ಲ ಎಂದವರು 20,01,926, ಹೌದು ಎಂದವರು 16,17,989. ಅಂದರೆ ಶೇ 55.3 ಮತ್ತು ಶೇ 44.7. ಮೂವತ್ತೆರಡು ಪ್ರದೇಶಗಳಲ್ಲಿ ಹೌದು ಗೆದ್ದದ್ದು ನಾಲ್ಕರಲ್ಲಿ: ಗ್ಲಾಸ್ಗೋ, ಡಂಡೀ, ವೆಸ್ಟ್ ಡನ್‌ಬಾರ್ಟನ್‌ಷೈರ್, ನಾರ್ತ್ ಲ್ಯಾನರ್ಕ್‌ಷೈರ್.

ಈಗ ಆ ಮಾತಿನ ವಿಷಯ. ಮತದಾನಕ್ಕೆ ಹನ್ನೊಂದು ದಿನ ಇರುವಾಗ ಒಂದು ಸಮೀಕ್ಷೆ ಹೌದು ಕಡೆಯೇ ಮುಂದಿದೆ ಎಂದು ಹೇಳಿತು, 51ಕ್ಕೆ 49. ಲಂಡನ್ ಬೆಚ್ಚಿಬಿತ್ತು. ಮರುದಿನವೇ ಮಾಜಿ ಪ್ರಧಾನಿ ಗಾರ್ಡನ್ ಬ್ರೌನ್ ಲೋನ್‌ಹೆಡ್ ಎಂಬ ಊರಿನಲ್ಲಿ ಭಾಷಣ ಮಾಡಿ, ಇಲ್ಲ ಎಂದು ಮತ ಹಾಕಿದರೆ ಜನವರಿ 25ರ ಬರ್ನ್ಸ್ ದಿನದೊಳಗೆ ಹೊಸ ಅಧಿಕಾರಗಳ ಕರಡು ಮಸೂದೆ ಸಿದ್ಧವಾಗಿರುತ್ತದೆ ಎಂದು ವೇಳಾಪಟ್ಟಿಯನ್ನೇ ಕೊಟ್ಟರು. ಸೆಪ್ಟೆಂಬರ್ 16ರಂದು ಡೈಲಿ ರೆಕಾರ್ಡ್ ಪತ್ರಿಕೆಯ ಮುಖಪುಟದ ತುಂಬ ಹಳೆಯ ಕಾಲದ ಚರ್ಮಪತ್ರದ ಹಾಗೆ ಕಾಣುವ ಹಾಳೆ, ಅದರ ಕೆಳಗೆ ಮೂರು ಸಹಿ: ಪ್ರಧಾನಿ ಡೇವಿಡ್ ಕ್ಯಾಮರನ್, ಉಪಪ್ರಧಾನಿ ನಿಕ್ ಕ್ಲೆಗ್, ವಿರೋಧ ಪಕ್ಷವಾಗಿದ್ದ ಲೇಬರ್ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್. ಸ್ಕಾಟಿಷ್ ಸಂಸತ್ತು ಶಾಶ್ವತ, ಅದಕ್ಕೆ ವ್ಯಾಪಕವಾದ ಹೊಸ ಅಧಿಕಾರಗಳು ಬರುತ್ತವೆ, ಹಣ ಹಂಚಿಕೆಯ ಬಾರ್ನೆಟ್ ಸೂತ್ರ ಮುಂದುವರಿಯುತ್ತದೆ, ಆರೋಗ್ಯ ಸೇವೆಗೆ ಎಷ್ಟು ಖರ್ಚು ಮಾಡಬೇಕೆಂಬ ಕೊನೆಯ ಮಾತು ಸ್ಕಾಟಿಷ್ ಸಂಸತ್ತಿನದು. ಅದರ ಸಾರ ಇಷ್ಟು.

ಕಾಗದದ ಮೇಲೆ ನೋಡಿದರೆ ಆ ಮಾತು ಬಹುಮಟ್ಟಿಗೆ ಉಳಿಯಿತು ಎಂಬುದು ನನ್ನ ಅಭಿಪ್ರಾಯ. ಲಾರ್ಡ್ ಸ್ಮಿತ್ ನೇತೃತ್ವದಲ್ಲಿ ಸ್ಕಾಟಿಷ್ ಸಂಸತ್ತಿನ ಐದೂ ಪಕ್ಷಗಳ ಆಯೋಗ ಕೂತಿತು, ನವೆಂಬರ್ 27ಕ್ಕೆ ವರದಿ ಬಂತು, ಬರ್ನ್ಸ್ ದಿನಕ್ಕೆ ಮೊದಲೇ ಜನವರಿ 22ಕ್ಕೆ ಕರಡು ಬಂತು, 2016ರ ಮಾರ್ಚ್‌ನಲ್ಲಿ ಕಾನೂನೂ ಆಯಿತು. ಆದರೂ ಜನ ಮೋಸ ಹೋದೆವು ಎಂದುಕೊಂಡರು. ಯಾಕೆ? ಸೆಪ್ಟೆಂಬರ್ 19ರ ಬೆಳಿಗ್ಗೆ ಏಳು ಗಂಟೆಗೆ ಕ್ಯಾಮರನ್ ತಮ್ಮ ಮನೆಯ ಬಾಗಿಲ ಮುಂದೆ ನಿಂತು, ಸ್ಕಾಟ್ಲೆಂಡಿನ ಹೊಸ ಅಧಿಕಾರಗಳ ಜತೆಜತೆಗೇ, ಅದೇ ವೇಗದಲ್ಲಿ, ಇಂಗ್ಲೆಂಡಿನ ಕಾನೂನುಗಳಿಗೆ ಇಂಗ್ಲೆಂಡಿನ ಸಂಸದರು ಮಾತ್ರ ಮತ ಹಾಕುವ ವ್ಯವಸ್ಥೆಯೂ ಬರಬೇಕು ಎಂದರು. ಮೂವರು ಸಹಿ ಹಾಕಿದ ಹಾಳೆಯಲ್ಲಿ ಇಂಗ್ಲೆಂಡಿನ ಹೆಸರೇ ಇರಲಿಲ್ಲ. ಶರತ್ತಿಲ್ಲದೆ ಕೊಟ್ಟ ಮಾತಿಗೆ ಮತ ಎಣಿಸಿದ ಮರುಗಳಿಗೆಯಲ್ಲಿ ಇನ್ನೊಂದು ಸರಕನ್ನು ಗಂಟುಹಾಕಿದರು. ಮಾತಿನ ಅಕ್ಷರ ಉಳಿಯಿತು, ವಿಶ್ವಾಸ ಹೋಯಿತು. ಅದು ಹೋದದ್ದು ಆ ಒಂದು ಬೆಳಿಗ್ಗೆ. ಮುಂದಿನ ಎಲ್ಲ ರಾಜಕೀಯ ಅಲ್ಲಿಂದ ಹೊರಟಿತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಒಪ್ಪದವರು ದಯವಿಟ್ಟು ಬರೆಯಿರಿ.

ಧಾರವಾಡದ ಓದುಗ:

ಸರ್, ಬಹಳ ಉಪಯುಕ್ತ ಬರಹ. ಒಂದು ಸಂದೇಹ. ಮತದಾನಕ್ಕೆ ಎರಡು ದಿನ ಮೊದಲು ಬಂದ ಆ ಮುಖಪುಟವೇ ಫಲಿತಾಂಶವನ್ನು ತಿರುಗಿಸಿತೇ? ಹೌದು ಕಡೆಯ ನಾಯಕ, ಆಗಿನ ಸ್ಕಾಟಿಷ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಮಂಡ್ ಅವರು, ಲಂಡನ್ನಿನವರು ಜನರನ್ನು ಮರುಳು ಮಾಡಿ ಮತ ಪಡೆದರು ಎಂದು ಆಗ ಹೇಳಿದ್ದನ್ನು ಓದಿದ ನೆನಪು.

ಡಂಡೀ ನಿವಾಸಿ:

ಕ್ಲೈಡ್ ಸರ್, ನೀವು ಹೇಳಿದ ಬೆಳಿಗ್ಗೆಯ ಸಂಗತಿ ಸರಿ. ಆದರೆ "ಕಾಗದದ ಮೇಲೆ ಉಳಿಯಿತು" ಎಂಬುದನ್ನು ನಾನು ಒಪ್ಪುವುದಿಲ್ಲ. ಜನ ಆ ಹಾಳೆಯನ್ನು ಮಾತ್ರ ಓದಿ ಮತ ಹಾಕಲಿಲ್ಲ. ಅದರ ಸುತ್ತ ಆಡಿದ ಮಾತುಗಳನ್ನೆಲ್ಲ ಕೇಳಿ ಮತ ಹಾಕಿದರು. ಬ್ರೌನ್ ಅವರು ಫೆಡರಲ್ ವ್ಯವಸ್ಥೆಗೆ ಎಷ್ಟು ಹತ್ತಿರ ಹೋಗಬಹುದೋ ಅಷ್ಟು ಹತ್ತಿರ ಹೋಗುತ್ತೇವೆ ಎಂದರು. ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕಾದರೆ ಇಲ್ಲ ಎನ್ನುವುದೇ ಭದ್ರ ದಾರಿ ಎಂದು ಇಲ್ಲ ಕಡೆಯವರು ಹೇಳಿದರು. ಎರಡು ವರ್ಷ ಕಳೆಯುವ ಮೊದಲೇ, 2016ರ ಜೂನ್ 23ರಂದು, ಸ್ಕಾಟ್ಲೆಂಡಿನ ಶೇ 62ರಷ್ಟು ಮತದಾರರು ಒಕ್ಕೂಟದಲ್ಲೇ ಇರೋಣ ಎಂದರೂ, ಮೂವತ್ತೆರಡೂ ಪ್ರದೇಶಗಳು ಅದನ್ನೇ ಹೇಳಿದರೂ, ನಮ್ಮನ್ನು ಹೊರಗೆ ಎಳೆದೊಯ್ದರು.

ಹಡಗಿನ ಮಾತು ಕೇಳಿ. ಕ್ಲೈಡ್ ನದಿಯ ಹಡಗುಕಟ್ಟೆಗಳಲ್ಲಿ ಹದಿಮೂರು ಟೈಪ್ 26 ಯುದ್ಧನೌಕೆ ಕಟ್ಟುವ ಕೆಲಸ ಸಿಗುತ್ತದೆ, ಸ್ವತಂತ್ರರಾದರೆ ಆ ಕೆಲಸ ಹೋಗುತ್ತದೆ ಎಂದು ಕಾರ್ಮಿಕರನ್ನು ಹೆದರಿಸಿದರು. 2015ರ ನವೆಂಬರ್‌ನಲ್ಲಿ ಹದಿಮೂರು ಎಂಟಾಯಿತು. ಹಡಗುಕಟ್ಟೆಯ ಸಂಬಳದಲ್ಲಿ ಬದುಕುವ ಮನೆಯವರಿಗೆ ಇದು ಅಂಕಿಅಂಶದ ಆಟವಲ್ಲ.

ಇನ್ನೊಂದು ಹಳೆಯ ಲೆಕ್ಕ ಇದೆ, ಅದನ್ನು ಬಿಟ್ಟರೆ ಇಲ್ಲಿನವರ ಸಿಟ್ಟು ಅರ್ಥವಾಗುವುದಿಲ್ಲ. 1979ರ ಮಾರ್ಚ್ 1ರಂದು ಸ್ಕಾಟ್ಲೆಂಡಿಗೆ ತನ್ನದೇ ವಿಧಾನಸಭೆ ಬೇಕೇ ಎಂದು ಕೇಳಿದ್ದರು. ಆಗ ಮಾಜಿ ಪ್ರಧಾನಿ ಅಲೆಕ್ ಡಗ್ಲಸ್ ಹೋಮ್ ಅವರು, ಈಗ ಬೇಡ ಎನ್ನಿ, ಇದಕ್ಕಿಂತ ಒಳ್ಳೆಯ ಮಸೂದೆ ಬರುತ್ತದೆ ಎಂದು ಜನರಿಗೆ ಹೇಳಿದರು. ಮತ ಹಾಕಿದವರಲ್ಲಿ ಶೇ 51.6 ಮಂದಿ ಬೇಕು ಎಂದರೂ, ಒಟ್ಟು ಮತದಾರರ ಶೇ 40 ತಲುಪಬೇಕೆಂಬ ನಿಯಮದಿಂದಾಗಿ ಅದು ಬಿದ್ದುಹೋಯಿತು. ಥ್ಯಾಚರ್ ಅಧಿಕಾರಕ್ಕೆ ಬಂದರು. ಒಳ್ಳೆಯ ಮಸೂದೆಯೂ ಇಲ್ಲ, ಕೆಟ್ಟ ಮಸೂದೆಯೂ ಇಲ್ಲ. ಸಂಸತ್ತು ಸೇರಿದ್ದು 1999ರಲ್ಲಿ. ಆ ಇಪ್ಪತ್ತು ವರ್ಷ ಕಾದವರು 2014ರಲ್ಲಿ ಅಜ್ಜ ಅಜ್ಜಿಯರಾಗಿ ಮತಗಟ್ಟೆಗೆ ಬಂದಿದ್ದರು. ಮತ್ತೆ ಅದೇ ರಾಗ ಕೇಳಿಬಂದಾಗ ಅವರಿಗೆ ಏನನ್ನಿಸಿರಬೇಕು, ಯೋಚಿಸಿ.

ಅಬರ್ಡೀನ್ ಎಂಜಿನಿಯರ್:

ಡಂಡೀ ಅವರೇ, ನಿಮ್ಮ ನೋವು ನನಗೆ ತಿಳಿಯುತ್ತದೆ. ಆದರೆ ಮಾತು ಕೊಟ್ಟವರು ಒಂದು ಕಡೆಯವರು ಮಾತ್ರವೇ? ನಾನು ಇಲ್ಲ ಎಂದು ಮತ ಹಾಕಿದವನು, ಅದರ ಬಗ್ಗೆ ನನಗೆ ಇಂದಿಗೂ ಅಳುಕಿಲ್ಲ. ನಾನು ದುಡಿಯುವುದು ಉತ್ತರ ಸಮುದ್ರದ ತೈಲ ಉದ್ಯಮದಲ್ಲಿ. 2013ರ ನವೆಂಬರ್‌ನಲ್ಲಿ ಸಾಮಂಡ್ ಅವರ ಸ್ಕಾಟಿಷ್ ಸರ್ಕಾರ ಸ್ವಾತಂತ್ರ್ಯದ ಬಗ್ಗೆ ಹೊರಡಿಸಿದ ಶ್ವೇತಪತ್ರದ ತೈಲ ಆದಾಯದ ಲೆಕ್ಕ ಕಚ್ಚಾ ತೈಲ ಪೀಪಾಯಿಗೆ 110 ಡಾಲರ್ ಇರುತ್ತದೆ ಎಂಬ ಊಹೆಯ ಮೇಲೆ ನಿಂತಿತ್ತು. ಮತದಾನ ಮುಗಿದು ನಾಲ್ಕು ತಿಂಗಳಲ್ಲಿ ಬೆಲೆ 50 ಡಾಲರಿಗಿಂತ ಕೆಳಗೆ ಬಂತು. ಅವರು ಸ್ವಾತಂತ್ರ್ಯ ದಿನವೆಂದು ಗುರುತು ಹಾಕಿಕೊಂಡಿದ್ದು 2016ರ ಮಾರ್ಚ್ 24. ಆ ವರ್ಷದ ಜನವರಿಯಲ್ಲಿ ಬೆಲೆ 30 ಡಾಲರಿಗೂ ಕೆಳಗೆ ಇಳಿದಿತ್ತು. ನನ್ನ ಜತೆಗಿದ್ದವರು ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡು ಮನೆ ಮಾರಿ ಹೋದ ಕಾಲ ಅದು. ನಗರದ ಬೀದಿಗಳಲ್ಲಿ ಮಾರಾಟಕ್ಕಿದೆ ಎಂಬ ಫಲಕಗಳು ಸಾಲುಸಾಲಾಗಿ ನಿಂತಿದ್ದವು.

ಇನ್ನು ಹಣದ ವಿಷಯ. ಸ್ವತಂತ್ರರಾದ ಮೇಲೂ ಪೌಂಡನ್ನೇ ಹಂಚಿಕೊಂಡು ಬಳಸುತ್ತೇವೆ ಎಂದು ಸಾಮಂಡ್ ಹೇಳುತ್ತಿದ್ದರು. 2014ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಎಡಿನ್‌ಬರೊಗೆ ಬಂದು ಸಾಧ್ಯವಿಲ್ಲ ಎಂದರು, ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟರೂ ಅದನ್ನೇ ಹೇಳಿದರು. ಅವರು ಸುಮ್ಮನೆ ಬೆದರಿಸುತ್ತಿದ್ದಾರೆ ಎಂಬುದೇ ಹೌದು ಕಡೆಯ ಉತ್ತರ. ಬದಲಿ ವ್ಯವಸ್ಥೆ ಏನೆಂದು ಟಿವಿ ಚರ್ಚೆಯಲ್ಲಿ ಇಲ್ಲ ಕಡೆಯ ನಾಯಕ ಅಲಿಸ್ಟೇರ್ ಡಾರ್ಲಿಂಗ್ ಪದೇಪದೇ ಕೇಳಿದರು, ನೇರ ಉತ್ತರ ಬರಲಿಲ್ಲ. ಮಕ್ಕಳ ಓದು, ಮನೆ ಸಾಲ, ಪಿಂಚಣಿ ಯಾವ ನಾಣ್ಯದಲ್ಲಿ ಎಂದು ತಿಳಿಯದೆ ನಾನು ಹೌದು ಎಂದು ಹೇಗೆ ಬರೆಯಲಿ? ಅಬರ್ಡೀನ್ ನಗರದಲ್ಲಿ ಶೇ 58.6ರಷ್ಟು ಮಂದಿ ಇಲ್ಲ ಎಂದದ್ದು ಸುಮ್ಮನೆ ಅಲ್ಲ.

ಗೆದ್ದವರ ಮಾತನ್ನು ಮಾತ್ರ ಇತಿಹಾಸ ತೂಗುತ್ತದೆ, ಸೋತವರ ಮಾತು ಪರೀಕ್ಷೆಗೇ ಬರುವುದಿಲ್ಲ. ನಾವು ಎರಡನ್ನೂ ತೂಗಬೇಕು.

ಎಡಿನ್‌ಬರೊ ವೈದ್ಯೆ:

ಧಾರವಾಡದವರ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮುಖಪುಟ ಬರುವ ಹೊತ್ತಿಗೆ ಲಕ್ಷಾಂತರ ಮಂದಿ ಅಂಚೆಯಲ್ಲಿ ಮತ ಕಳಿಸಿಯಾಗಿತ್ತು. ಮತದಾನದ ನಂತರ ಲಾರ್ಡ್ ಆಶ್‌ಕ್ರಾಫ್ಟ್ ನಡೆಸಿದ ಸಮೀಕ್ಷೆಯಲ್ಲಿ, ಇಲ್ಲ ಎಂದವರ ಮುಖ್ಯ ಕಾರಣ ಕೇಳಿದ್ದರು. ಶೇ 47 ಮಂದಿ ನಾಣ್ಯ, ಕೆಲಸ, ಬೆಲೆಗಳ ಅಪಾಯ ಹೆಚ್ಚು ಎಂದರು. ಶೇ 27 ಮಂದಿ ಬ್ರಿಟನ್ ಮೇಲಿನ ಅಭಿಮಾನ ಎಂದರು. ಬ್ರಿಟನ್ನಿನಲ್ಲಿ ಉಳಿಯುವ ಭದ್ರತೆಯ ಜತೆಗೆ ಹೆಚ್ಚಿನ ಅಧಿಕಾರವೂ ಸಿಗುತ್ತದೆ ಎಂಬ ಕಾರಣ ಕೊಟ್ಟವರು ಶೇ 25. ಆ ನಾಲ್ಕನೇ ಒಂದು ಪಾಲಿನ ಎಲ್ಲರೂ ಆ ಹಾಳೆ ನೋಡಿ ಮನಸ್ಸು ಬದಲಿಸಿದವರಲ್ಲ. ಎರಡು ಕಡೆಗಳ ನಡುವೆ ಅಂತರ 3,83,937 ಮತಗಳಷ್ಟಿತ್ತು. ಆದ್ದರಿಂದ ಆ ಮುಖಪುಟವೇ ಗೆಲ್ಲಿಸಿತು ಎನ್ನುವುದಕ್ಕೆ ಬಲವಾದ ಆಧಾರವಿಲ್ಲ. ಸೋತವರಿಗೆ ಸಿಟ್ಟನ್ನು ತೂಗುಹಾಕಲು ಒಂದು ಗೂಟ ಬೇಕಿತ್ತು, ಅದು ಸಿಕ್ಕಿತು. ಸಿಟ್ಟು ಸುಳ್ಳು ಎನ್ನುತ್ತಿಲ್ಲ.

ನನಗೆ ಆ ಹಾಳೆಯಲ್ಲಿ ಅತ್ಯಂತ ಬೇಸರ ತರಿಸಿದ್ದು ಆರೋಗ್ಯ ಸೇವೆಯ ಸಾಲು. ಸ್ಕಾಟ್ಲೆಂಡಿನ ಆಸ್ಪತ್ರೆಗಳು 1999ರಿಂದಲೇ ಸ್ಕಾಟಿಷ್ ಸಂಸತ್ತಿನ ಕೈಯಲ್ಲಿವೆ, ಎಷ್ಟು ಖರ್ಚು ಮಾಡಬೇಕೆಂದು ನಿರ್ಧರಿಸುವುದೂ ಅದೇ. ಇದ್ದದ್ದನ್ನೇ ಹೊಸದಾಗಿ ಕೊಡುವಂತೆ ಬರೆದಿದ್ದರು. ಆಸ್ಪತ್ರೆಯ ಊಟದ ಕೋಣೆಯಲ್ಲಿ ಆ ಪತ್ರಿಕೆ ಕೈಯಿಂದ ಕೈಗೆ ಓಡಾಡುತ್ತಿದ್ದಾಗ ನಮ್ಮ ಹಿರಿಯ ನರ್ಸ್ ಒಬ್ಬರು ಆ ಸಾಲಿನ ಕೆಳಗೆ ಗೆರೆ ಎಳೆದು "ಇದು ಈಗಾಗಲೇ ನಮ್ಮದು" ಎಂದು ಅಂಚಿನಲ್ಲಿ ಬರೆದಿಟ್ಟಿದ್ದರು.

ಆದರೆ ಬಂದದ್ದನ್ನು ಬಂದಿಲ್ಲ ಎನ್ನಬಾರದು. ನನ್ನ ಸಂಬಳದ ಚೀಟಿಯಲ್ಲಿ ತೆರಿಗೆ ಸಂಕೇತದ ಮುಂದೆ ಈಗ ಎಸ್ ಎಂಬ ಅಕ್ಷರ ಇರುತ್ತದೆ, ಸ್ಕಾಟ್ಲೆಂಡಿನ ತೆರಿಗೆದಾರಳು ಎಂದು ಅದರ ಅರ್ಥ. ಸಂಬಳದ ಮೇಲಿನ ಆದಾಯ ತೆರಿಗೆಯ ದರವನ್ನೂ ಹಂತಗಳನ್ನೂ ಈಗ ಎಡಿನ್‌ಬರೊದಲ್ಲೇ ನಿರ್ಧರಿಸುತ್ತಾರೆ. 2024ರಿಂದ ಆರು ಹಂತ, ಮೇಲಿನದು ಶೇ 48. ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡುವ ನನ್ನ ಗೆಳತಿಗಿಂತ ನಾನು ಹೆಚ್ಚು ತೆರಿಗೆ ಕಟ್ಟುತ್ತೇನೆ. ಅದೇ ಅಧಿಕಾರಗಳ ಬಲದಿಂದ 2021ರ ಫೆಬ್ರವರಿಯಲ್ಲಿ ಬಡ ಮನೆಗಳ ಮಕ್ಕಳಿಗೆ ವಾರಕ್ಕೆ 10 ಪೌಂಡ್ ಕೊಡುವ ಯೋಜನೆ ಬಂತು, 2022ರ ನವೆಂಬರ್ ಹೊತ್ತಿಗೆ ಅದು 25 ಪೌಂಡ್ ಆಯಿತು. ಇಂಗ್ಲೆಂಡಿನಲ್ಲಿ ಅದಿಲ್ಲ. ನಾನು ನೋಡುವ ಮಕ್ಕಳಲ್ಲಿ ಕೆಲವರ ಮನೆಗೆ ಆ ಹಣ ಹೋಗುತ್ತದೆ. ಚಳಿಗಾಲದ ಜಾಕೆಟ್ ಹಾಕಿಕೊಂಡು ಬರುವ ಮಗುವಿಗೂ ಹಾಕಿಕೊಳ್ಳದೆ ಬರುವ ಮಗುವಿಗೂ ಇರುವ ವ್ಯತ್ಯಾಸವನ್ನು ನಾನು ಕಣ್ಣಾರೆ ಕಾಣುತ್ತೇನೆ. ಅಂಗವಿಕಲರ ಭತ್ಯೆ ಕೊಡುವ ಸಂಸ್ಥೆಯ ಮುಖ್ಯ ಕಚೇರಿ ಡಂಡೀಯಲ್ಲೇ ಇದೆ. ಡಂಡೀ ಅವರೇ, ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಡಂಡೀ ನಿವಾಸಿ:

ತೆಗೆದುಕೊಂಡಿದ್ದೇನೆ ಡಾಕ್ಟರ್ ಮೇಡಂ. ನನ್ನ ನೆರೆಮನೆಯವರು ಅಲ್ಲೇ ಕೆಲಸ ಮಾಡುತ್ತಾರೆ, ಒಳ್ಳೆಯ ಕೆಲಸ. ಆದರೆ ಮಾರಾಟ ತೆರಿಗೆಯ ಅರ್ಧ ಪಾಲು ಸ್ಕಾಟ್ಲೆಂಡಿನ ಬೊಕ್ಕಸಕ್ಕೆ ಎಂದು ಸ್ಮಿತ್ ಆಯೋಗ ಹೇಳಿತ್ತಲ್ಲ, ಕಾನೂನಿನಲ್ಲೂ ಬರೆದರಲ್ಲ, ಅದು ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಬಂತು. ವಿಮಾನ ಪ್ರಯಾಣದ ತೆರಿಗೆಯೂ ಹಾಗೆಯೇ ನೆನೆಗುದಿಗೆ ಬಿತ್ತು.

ಬೆಂಗಳೂರು ಬಸವನಗುಡಿ:

ಬಾರ್ನೆಟ್ ಸೂತ್ರ ಎಂದರೆ ನಮ್ಮ ಹಣಕಾಸು ಆಯೋಗದ ಹಂಚಿಕೆಯ ಹಾಗೆಯೇ? ಹದಿನಾಲ್ಕನೇ ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿದು, 2024ರ ಫೆಬ್ರವರಿಯಲ್ಲಿ ನಮ್ಮ ಮುಖ್ಯಮಂತ್ರಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂರಬೇಕಾಯಿತು. ಅಲ್ಲಿಯೂ ಇಂಥ ಜಗಳ ಇದೆಯೇ?

ಅಬರ್ಡೀನ್ ಎಂಜಿನಿಯರ್:

ಹೋಲಿಕೆ ಅಷ್ಟು ನೇರವಾಗಿಲ್ಲ. ನಮ್ಮ ಹಣಕಾಸು ಆಯೋಗ ಸಂವಿಧಾನದ 280ನೇ ವಿಧಿಯಿಂದ ಬಂದದ್ದು, ಐದು ವರ್ಷಕ್ಕೊಮ್ಮೆ ಎಲ್ಲ ರಾಜ್ಯಗಳ ಅಹವಾಲು ಕೇಳುತ್ತದೆ. ಬಾರ್ನೆಟ್ ಸೂತ್ರಕ್ಕೆ ಅಂಥ ಕಾನೂನಿನ ಬೆಂಬಲವೇ ಇಲ್ಲ. 1970ರ ದಶಕದ ಕೊನೆಯಲ್ಲಿ ಖಜಾನೆಯ ಸಚಿವರಾಗಿದ್ದ ಜೋಯಲ್ ಬಾರ್ನೆಟ್ ತಾತ್ಕಾಲಿಕವಾಗಿ ಮಾಡಿದ ಏರ್ಪಾಡು. ಇಂಗ್ಲೆಂಡಿನಲ್ಲಿ ಶಾಲೆ, ಆಸ್ಪತ್ರೆಗಳ ಖರ್ಚು ಎಷ್ಟು ಏರಿತು ಅಥವಾ ಇಳಿಯಿತು ಎಂದು ನೋಡಿ, ಅದರಲ್ಲಿ ಜನಸಂಖ್ಯೆಗೆ ತಕ್ಕ ಪಾಲನ್ನು ಸ್ಕಾಟ್ಲೆಂಡಿಗೆ ಸೇರಿಸುವುದೋ ಕಳೆಯುವುದೋ ಅದರ ಕೆಲಸ. ಇದು ನ್ಯಾಯವಾಗಿಲ್ಲ, ಬದಲಿಸಿ ಎಂದು ಮುಂದೆ ಬಾರ್ನೆಟ್ ಅವರೇ ಹೇಳುತ್ತಿದ್ದರು. ಜನಮತಗಣನೆ ಮುಗಿದ ಕೆಲವೇ ವಾರಗಳಲ್ಲಿ, 2014ರ ನವೆಂಬರ್ ಆರಂಭದಲ್ಲಿ, ಅವರು ತೀರಿಕೊಂಡರು.

ತೆರಿಗೆ ಅಧಿಕಾರ ಬಂದ ಮೇಲೆ ಲೆಕ್ಕ ಇನ್ನೂ ಜಟಿಲವಾಯಿತು. ಸ್ಕಾಟ್ಲೆಂಡ್ ತಾನೇ ವಸೂಲು ಮಾಡುವ ತೆರಿಗೆಗೆ ಬದಲಾಗಿ ಲಂಡನ್ನಿನಿಂದ ಬರುವ ಅನುದಾನದಲ್ಲಿ ಒಂದು ಮೊತ್ತ ಕಡಿತವಾಗುತ್ತದೆ. ಉಳಿದ ಬ್ರಿಟನ್ನಿನಲ್ಲಿ ತಲಾ ತೆರಿಗೆ ಬೆಳೆದ ವೇಗದಲ್ಲೇ ಇಲ್ಲಿಯೂ ಬೆಳೆದರೆ ನಷ್ಟವಿಲ್ಲ, ಹಿಂದೆ ಬಿದ್ದರೆ ಬೊಕ್ಕಸಕ್ಕೆ ಖೋತಾ. 2016ರ ಫೆಬ್ರವರಿಯಲ್ಲಿ ಕುದುರಿದ ಈ ಒಪ್ಪಂದಕ್ಕಾಗಿ ಆಗಿನ ಸ್ಕಾಟಿಷ್ ಹಣಕಾಸು ಸಚಿವ ಜಾನ್ ಸ್ವಿನ್ನಿ ಅವರು ಲಂಡನ್ ಖಜಾನೆಯ ಜತೆ ತಿಂಗಳುಗಟ್ಟಲೆ ಜಗ್ಗಾಡಿದ್ದರು. ನಮ್ಮ ಅಬರ್ಡೀನಿನಲ್ಲಿ ದೊಡ್ಡ ಸಂಬಳದ ಕೆಲಸಗಳು ಹೋದದ್ದರ ಪೆಟ್ಟು ಈ ಲೆಕ್ಕದಲ್ಲೂ ಬಿತ್ತು.

ಮಾಂಟ್ರಿಯಲ್ ಕನ್ನಡಿಗ:

ನೀವೆಲ್ಲ ಬರೆಯುತ್ತಿರುವುದನ್ನು ಓದುತ್ತಿದ್ದರೆ ನಮ್ಮ ಕ್ವೆಬೆಕ್ ಕಣ್ಣ ಮುಂದೆ ಬರುತ್ತದೆ. 1980ರ ಮೇ 14ರಂದು, ಕ್ವೆಬೆಕ್ ಪ್ರಾಂತ ಕೆನಡಾದಿಂದ ಬೇರೆಯಾಗುವ ಕುರಿತ ಮತದಾನಕ್ಕೆ ಆರು ದಿನ ಇರುವಾಗ, ಪ್ರಧಾನಿ ಪಿಯೆರ್ ಟ್ರೂಡೊ ಮಾಂಟ್ರಿಯಲ್‌ನ ಪೋಲ್ ಸೋವೆ ಕ್ರೀಡಾಂಗಣದಲ್ಲಿ ನಿಂತು, ಇಲ್ಲ ಎಂದರೆ ಅದು ಬದಲಾವಣೆಗೆ ಕೊಟ್ಟ ಮತ ಎಂದುಕೊಳ್ಳುತ್ತೇವೆ, ಸಂವಿಧಾನವನ್ನು ನವೀಕರಿಸುತ್ತೇವೆ, ಅದಕ್ಕಾಗಿ ನಮ್ಮ ಸಂಸದರ ಸ್ಥಾನಗಳನ್ನೇ ಪಣಕ್ಕಿಡುತ್ತೇವೆ ಎಂದರು. ಸುಮಾರು ಶೇ 60 ಮಂದಿ ಇಲ್ಲ ಎಂದರು. ಸಂವಿಧಾನವೇನೋ 1982ರಲ್ಲಿ ನವೀಕರಣವಾಯಿತು, ಆದರೆ ಕ್ವೆಬೆಕ್ ಸರ್ಕಾರದ ಒಪ್ಪಿಗೆ ಇಲ್ಲದೆ. ಟ್ರೂಡೊ ಹೇಳಿದ ಬದಲಾವಣೆ ಒಂದು, ಕೇಳಿಸಿಕೊಂಡವರು ಅಂದುಕೊಂಡದ್ದು ಇನ್ನೊಂದು. ಆ ಗಾಯ ಮಾಯಿಸಲು ಹೊರಟ ಮೀಚ್ ಲೇಕ್ ಒಪ್ಪಂದ 1990ರಲ್ಲಿ ಮುರಿದುಬಿತ್ತು. ಐದು ವರ್ಷದ ನಂತರ ಮತ್ತೆ ಜನಮತಗಣನೆ ನಡೆದಾಗ ಇಲ್ಲ ಎಂದವರು ಶೇ 50.58, ಹೌದು ಎಂದವರು ಶೇ 49.42. ಐವತ್ತೈದು ಸಾವಿರದಷ್ಟೂ ಇಲ್ಲದ ಅಂತರ! ಹದಿನೈದು ವರ್ಷದಲ್ಲಿ ಅಷ್ಟು ಮಂದಿಯನ್ನು ಆಚೆ ಕಡೆಗೆ ದೂಡಿದ್ದು ಪ್ರತ್ಯೇಕತಾವಾದಿಗಳ ಭಾಷಣಕ್ಕಿಂತ ಹೆಚ್ಚಾಗಿ ಆ ಕ್ರೀಡಾಂಗಣದ ಮಾತು ಎಂದು ಇಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ.

ಆದ್ದರಿಂದ ಕ್ಲೈಡ್ ಅವರ ಮಾತಿಗೆ ನಾನು ಒಂದು ಸೇರಿಸುತ್ತೇನೆ. ಕೊನೆಯ ವಾರದಲ್ಲಿ ಕೊಡುವ ಮಾತು ಬೇಕೆಂದೇ ಅಸ್ಪಷ್ಟವಾಗಿರುತ್ತದೆ. ಕೇಳಿದ ಪ್ರತಿಯೊಬ್ಬರೂ ತಮಗೆ ಬೇಕಾದದ್ದನ್ನು ಅದರಲ್ಲಿ ತುಂಬಿಕೊಳ್ಳಲಿ ಎಂಬುದೇ ಅದರ ಉದ್ದೇಶ. ಮತದಾನದ ದಿನಕ್ಕೆ ಅದು ಸಾಕಾಗುತ್ತದೆ, ಮರುದಿನಕ್ಕೆ ಸಾಕಾಗುವುದಿಲ್ಲ.

ಧಾರವಾಡದ ಓದುಗ:

ಎಲ್ಲರಿಗೂ ಧನ್ಯವಾದ. ಇನ್ನೊಂದು ಅರ್ಥವಾಗದ ವಿಷಯ. ಮಾತು ತಿರುಚಿದ್ದು ಕ್ಯಾಮರನ್. ಆದರೆ ಸ್ಕಾಟ್ಲೆಂಡಿನಲ್ಲಿ ಮಣ್ಣುಮುಕ್ಕಿದ್ದು ಲೇಬರ್ ಪಕ್ಷ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ?

ಕ್ಲೈಡ್ ದಂಡೆಯವನು, ಗ್ಲಾಸ್ಗೋ:

ಒಳ್ಳೆಯ ಪ್ರಶ್ನೆ. ನಾನಿರುವ ಊರಿನಿಂದಲೇ ಉತ್ತರ ಕೊಡುತ್ತೇನೆ.

ಗ್ಲಾಸ್ಗೋದ ಕಾರ್ಮಿಕ ಬಡಾವಣೆಗಳಲ್ಲಿ ಲೇಬರ್ ಎಂದರೆ ತಾತನ ಕಾಲದಿಂದ ಬಂದ ನಂಟು. ಕನ್ಸರ್ವೇಟಿವ್ ಪಕ್ಷದಿಂದ ಇಲ್ಲಿ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಆದ್ದರಿಂದ ಕ್ಯಾಮರನ್ ಮಾತು ತಿರುಚಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಮನಸ್ಸಿಗೆ ನಾಟಿದ್ದು, ತಮ್ಮ ಲೇಬರ್ ನಾಯಕರು ಅದೇ ಕ್ಯಾಮರನ್ ಜತೆ ಒಂದೇ ವೇದಿಕೆಯ ಮೇಲೆ ನಿಂತು, ಒಂದೇ ಹಾಳೆಗೆ ಸಹಿ ಹಾಕಿ, ಜಾಮೀನು ನಿಂತದ್ದು. ಸಾಲ ತೆಗೆದುಕೊಂಡವನು ಓಡಿಹೋದರೆ ಜನ ಬಾಗಿಲು ತಟ್ಟುವುದು ಜಾಮೀನುದಾರನ ಮನೆಯದನ್ನೇ.

ಸೆಪ್ಟೆಂಬರ್ 19ರ ಸಂಜೆ ಜಾರ್ಜ್ ಚೌಕದಲ್ಲಿ ಗಲಾಟೆ ನಡೆಯಿತು. ಬ್ರಿಟನ್ ಪರ ಗುಂಪೊಂದು ಬಾವುಟ ಬೀಸುತ್ತ ಬಂದು, ಸೋತು ಕುಳಿತಿದ್ದ ಹೌದು ಬೆಂಬಲಿಗರ ಮೇಲೆ ಬಿತ್ತು. ಪೊಲೀಸರು ಕುದುರೆಗಳನ್ನು ತಂದು ಎರಡು ಗುಂಪುಗಳ ನಡುವೆ ನಿಲ್ಲಿಸಬೇಕಾಯಿತು. ಆ ಹಗಲು ಸಾಮಂಡ್ ರಾಜೀನಾಮೆ ಘೋಷಿಸಿದ್ದರು. ಇಲ್ಲಿಗೆ ಚಳವಳಿ ಮುಗಿಯಿತು ಎಂದೇ ನಾನು ಅಂದು ನೆನೆಸಿದ್ದೆ. ಆದದ್ದು ಬೇರೆ. ಶೇ 45ರ ಸಂಖ್ಯೆಯೇ ಒಂದು ಗುರುತಾಯಿತು. ಸುಮಾರು 25 ಸಾವಿರ ಸದಸ್ಯರಿದ್ದ, ಸಾಮಂಡ್ ಅವರ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಅಂದರೆ ಎಸ್‌ಎನ್‌ಪಿ ಪಕ್ಷಕ್ಕೆ 2015ರ ವಸಂತದ ಹೊತ್ತಿಗೆ ಒಂದು ಲಕ್ಷ ದಾಟಿದ ಸದಸ್ಯರು. ಸೋತ ಪಕ್ಷಕ್ಕೆ ಹೀಗೆ ಜನ ಬಂದು ಸೇರಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

2015ರ ಮೇ 7ರ ಸಂಸತ್ ಚುನಾವಣೆಯಲ್ಲಿ ಸ್ಕಾಟ್ಲೆಂಡಿನ 59 ಸ್ಥಾನಗಳಲ್ಲಿ 56 ಎಸ್‌ಎನ್‌ಪಿಗೆ ಹೋದವು. 41 ಸ್ಥಾನ ಹೊಂದಿದ್ದ ಲೇಬರ್‌ಗೆ ಉಳಿದದ್ದು ಒಂದೇ ಒಂದು. ಪೇಯ್ಸ್ಲಿಯಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿನಿ ಮಾರಿ ಬ್ಲ್ಯಾಕ್, ಸಚಿವರಾಗಿದ್ದ ಡಗ್ಲಸ್ ಅಲೆಕ್ಸಾಂಡರ್ ಅವರನ್ನು ಸೋಲಿಸಿದರು. ಗಾರ್ಡನ್ ಬ್ರೌನ್ ತಾವು ಸ್ಪರ್ಧಿಸದೆ ಬಿಟ್ಟುಹೋದ ಕ್ಷೇತ್ರವೂ ಎಸ್‌ಎನ್‌ಪಿ ಪಾಲಾಯಿತು. ವೇಳಾಪಟ್ಟಿ ಕೊಟ್ಟವರು ಬ್ರೌನ್, ಅದರಂತೆ ಕರಡೂ ಬಂದಿತ್ತು. ಆದರೂ ಹೀಗಾಯಿತು ನೋಡಿ. ದಿನಾಂಕ ತಪ್ಪದಿದ್ದರೆ ಸಾಕೆಂದು ನಾಯಕರು ತಿಳಿದಿದ್ದರು, ಜನ ನೋಡುತ್ತಿದ್ದದ್ದು ತಮ್ಮನ್ನು ಗೌರವದಿಂದ ಕಂಡರೇ ಎಂಬುದನ್ನು.

ಇಂಗ್ಲೆಂಡಿನ ಸಂಸದರಿಗೆ ಮಾತ್ರ ಮತ ಎಂಬ ಆ ಶರತ್ತು 2015ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು, 2021ರಲ್ಲಿ ಲಂಡನ್ ಸರ್ಕಾರವೇ ಅದನ್ನು ರದ್ದು ಮಾಡಿತು. ಆರು ವರ್ಷವೂ ಬಾಳದ ಒಂದು ನಿಯಮಕ್ಕಾಗಿ ಅಂಥ ಬೆಳಿಗ್ಗೆಯನ್ನು ಕೆಡಿಸಿದರಲ್ಲ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ಮುಖಪುಟ ಮುದ್ರಿಸಿದಾಗ ಡೈಲಿ ರೆಕಾರ್ಡ್ ಸಂಪಾದಕರಾಗಿದ್ದವರು ಮರ್ರೆ ಫುಟ್. ಅವರು 2018ರಲ್ಲಿ ತಾವು ಈಗ ಸ್ವಾತಂತ್ರ್ಯದ ಪರ ಎಂದು ಬಹಿರಂಗವಾಗಿ ಬರೆದರು, ಮುಂದೆ ಎಸ್‌ಎನ್‌ಪಿಯ ಮುಖ್ಯ ಕಾರ್ಯನಿರ್ವಾಹಕರೇ ಆದರು. ಇದಕ್ಕೆ ನಾನು ಏನನ್ನೂ ಸೇರಿಸುವುದಿಲ್ಲ.

ಕಾನೂನು ವಿದ್ಯಾರ್ಥಿನಿ, ಮೈಸೂರು:

ತಡವಾಗಿ ಸೇರುತ್ತಿದ್ದೇನೆ. "ಸ್ಕಾಟಿಷ್ ಸಂಸತ್ತು ಶಾಶ್ವತ" ಎಂಬ ಮಾತು ಉಳಿಯಿತೇ ಎಂದು ಯಾರೂ ಪರೀಕ್ಷಿಸಿಲ್ಲ. 2016ರ ಕಾಯಿದೆಯಲ್ಲಿ, ಸ್ಕಾಟ್ಲೆಂಡಿನ ಜನರ ಮತ ಪಡೆಯದೆ ಆ ಸಂಸತ್ತನ್ನು ರದ್ದು ಮಾಡುವಂತಿಲ್ಲ ಎಂದು ಬರೆದಿದ್ದಾರೆ. ಆದರೆ ಬ್ರಿಟನ್ನಿಗೆ ನಮ್ಮಂತೆ ಲಿಖಿತ ಸಂವಿಧಾನವಿಲ್ಲ. ವೆಸ್ಟ್‌ಮಿನ್‌ಸ್ಟರ್, ಅಂದರೆ ಲಂಡನ್ನಿನ ಸಂಸತ್ತು, ಇಂದು ಮಾಡಿದ ಕಾನೂನನ್ನು ನಾಳೆ ಅದೇ ಬದಲಿಸಬಹುದು. ಸ್ಕಾಟಿಷ್ ಸಂಸತ್ತಿಗೆ ಸೇರಿದ ವಿಷಯಗಳಲ್ಲಿ ಅದರ ಒಪ್ಪಿಗೆ ಇಲ್ಲದೆ ಕಾನೂನು ಮಾಡುವುದಿಲ್ಲ ಎಂಬ ಹಳೆಯ ಸಂಪ್ರದಾಯವನ್ನೂ ಅದೇ ಕಾಯಿದೆಗೆ ಸೇರಿಸಿದರು. 2017ರ ಜನವರಿಯಲ್ಲಿ ಬ್ರೆಕ್ಸಿಟ್ ಕುರಿತ ಮಿಲ್ಲರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಇದು ರಾಜಕೀಯ ಸಂಪ್ರದಾಯ ಮಾತ್ರ, ನ್ಯಾಯಾಲಯ ಜಾರಿ ಮಾಡಿಸಲಾಗದು ಎಂದು ಹೇಳಿತು. 2020ರ ಆಂತರಿಕ ಮಾರುಕಟ್ಟೆ ಕಾಯಿದೆಗೆ ಸ್ಕಾಟಿಷ್ ಸಂಸತ್ತು ಒಪ್ಪಿಗೆ ನಿರಾಕರಿಸಿತು, ಆದರೂ ಅದು ಕಾನೂನಾಯಿತು. ಆದ್ದರಿಂದ ಕ್ಲೈಡ್ ಸರ್, ಅಕ್ಷರ ಉಳಿಯಿತು ಎಂದಿರಿ, ಆ ಅಕ್ಷರಕ್ಕೆ ಬಲವೇ ಇರಲಿಲ್ಲ ಎನ್ನುವುದು ನನ್ನ ವಾದ.

ಅಬರ್ಡೀನ್ ಎಂಜಿನಿಯರ್:

ಇದು ತೂಕದ ವಾದ, ನನಗೆ ಸುಲಭದ ಉತ್ತರವಿಲ್ಲ. ಆದರೆ ಹೌದು ಕಡೆಯವರೂ ಒಂದು ಮಾತು ಕೊಟ್ಟಿದ್ದರು. ಇದು ಒಂದು ತಲೆಮಾರಿಗೆ ಒಮ್ಮೆ ಸಿಗುವ ಅವಕಾಶ ಎಂದು ಶ್ವೇತಪತ್ರದಲ್ಲೇ ಇತ್ತು. 2017ರ ಮಾರ್ಚ್ ಹೊತ್ತಿಗೇ ಇನ್ನೊಂದು ಜನಮತಗಣನೆ ಬೇಕೆಂದು, ಸಾಮಂಡ್ ನಂತರ ಸ್ಕಾಟಿಷ್ ಸರ್ಕಾರದ ಮುಖ್ಯಸ್ಥೆಯಾದ ನಿಕೋಲಾ ಸ್ಟರ್ಜನ್ ಕೇಳಿದರು. ಇಲ್ಲ ಎಂದ 20 ಲಕ್ಷ ಜನರ ತೀರ್ಪಿಗೆ ಎಷ್ಟು ವರ್ಷದ ಬೆಲೆ?

ಡಂಡೀ ನಿವಾಸಿ:

ಆ ನಡುವೆ ಬ್ರೆಕ್ಸಿಟ್ ಬಂತು. ನಾವು ಯಾವ ಬ್ರಿಟನ್ನಿನಲ್ಲಿ ಉಳಿಯುತ್ತೇವೆ ಎಂದು ನೀವು ಮತ ಹಾಕಿದಿರೋ ಆ ಬ್ರಿಟನ್ನೇ ಉಳಿಯಲಿಲ್ಲ. ಮತ್ತೆ ಕೇಳುವುದು ತಪ್ಪು ಹೇಗಾಗುತ್ತದೆ?

ಕಾನೂನು ವಿದ್ಯಾರ್ಥಿನಿ, ಮೈಸೂರು:

ತಲೆಮಾರಿನ ಮಾತಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. 2012ರ ಎಡಿನ್‌ಬರೊ ಒಪ್ಪಂದದ ಮೂಲಕ 2014ರ ಜನಮತಗಣನೆಗೆ ಲಂಡನ್ ಅನುಮತಿ ಕೊಟ್ಟಿತ್ತು. ಅದು ಒಂದು ಬಾರಿಗೆ ಮಾತ್ರ. ನಂತರ ಪ್ರಧಾನಿಗಳಾದ ತೆರೇಸಾ ಮೇ ಮತ್ತು ಬೋರಿಸ್ ಜಾನ್ಸನ್ ಇಬ್ಬರೂ ನಿರಾಕರಿಸಿದರು. 2022ರ ನವೆಂಬರ್ 23ರಂದು ಸುಪ್ರೀಂ ಕೋರ್ಟ್, ಲಂಡನ್ ಒಪ್ಪದೆ ಸ್ಕಾಟಿಷ್ ಸಂಸತ್ತು ಜನಮತಗಣನೆಗೆ ಕಾನೂನು ಮಾಡುವಂತಿಲ್ಲ ಎಂದು ಒಮ್ಮತದ ತೀರ್ಪು ಕೊಟ್ಟಿತು.

ಉತ್ತರ ಐರ್ಲೆಂಡನ್ನು ನೋಡಿ. 1998ರ ಕಾಯಿದೆಯಲ್ಲೇ ಬರೆದಿದೆ: ಬಹುಮತ ಐರ್ಲೆಂಡ್ ಜತೆ ಸೇರಲು ಬಯಸುವಂತೆ ಕಂಡರೆ ಸಚಿವರು ಜನಮತಗಣನೆ ನಡೆಸಲೇಬೇಕು, ಒಮ್ಮೆ ನಡೆದರೆ ಏಳು ವರ್ಷ ಮತ್ತೆ ಇಲ್ಲ. ಎರಡು ಕಡೆಯವರಿಗೂ ನಿಯಮ ಗೊತ್ತು. ಸ್ಮಿತ್ ಆಯೋಗಕ್ಕೆ ಜನಸಾಮಾನ್ಯರಿಂದ ಹದಿನೆಂಟು ಸಾವಿರಕ್ಕೂ ಹೆಚ್ಚು ಪತ್ರಗಳು ಬಂದಿದ್ದವು. ಅಷ್ಟು ಉತ್ಸಾಹ ಇದ್ದಾಗ ಇಂಥದೊಂದು ನಿಯಮವನ್ನೂ ಬರೆದಿಡಬೇಕಿತ್ತು.

ಅಬರ್ಡೀನ್ ಎಂಜಿನಿಯರ್:

ಹಾಗೆ ಬರೆದರೆ ನನ್ನ ಒಪ್ಪಿಗೆ ಇದೆ. ನಾಳೆ ಕೇಳಿದರೂ ನಾನು ಇಲ್ಲ ಎಂದೇ ಗುರುತು ಹಾಕುತ್ತೇನೆ. ಆದರೆ ಯಾವಾಗ ಕೇಳಬಹುದು ಎಂಬುದು ಪ್ರಧಾನಿಯ ಮರ್ಜಿಗೆ ಬಿಟ್ಟದ್ದಾಗಿರಬಾರದು.

ಡಂಡೀ ನಿವಾಸಿ:

ಅಲ್ಲಿಯೂ ಒಂದು ಎಡವಟ್ಟಿದೆ. ಬಹುಮತ ಬಯಸುವಂತೆ ಕಂಡರೆ ಎಂದಿರಿ. ಯಾರಿಗೆ ಕಂಡರೆ? ಲಂಡನ್ನಿನ ಸಚಿವರಿಗೆ. 2021ರ ಚುನಾವಣೆಯಲ್ಲಿ ಸ್ಕಾಟಿಷ್ ಸಂಸತ್ತಿನ 129 ಸ್ಥಾನಗಳಲ್ಲಿ ಎಸ್‌ಎನ್‌ಪಿ ಮತ್ತು ಗ್ರೀನ್ ಪಕ್ಷ ಸೇರಿ 72 ಗೆದ್ದಿದ್ದವು, ಆಗಲೂ ಲಂಡನ್ನಿಗೆ ಕಾಣಲಿಲ್ಲ. 2024ರಲ್ಲಿ ಎಸ್‌ಎನ್‌ಪಿ 9 ಸಂಸತ್ ಸ್ಥಾನಗಳಿಗೆ ಕುಸಿದದ್ದು ಮಾತ್ರ ಕೂಡಲೇ ಕಂಡಿತು, ಸಮೀಕ್ಷೆಗಳಲ್ಲಿ ಸ್ವಾತಂತ್ರ್ಯ ಬೇಕೆನ್ನುವವರು ಹೆಚ್ಚುಕಡಿಮೆ ಅರ್ಧದಷ್ಟೇ ಇದ್ದರೂ. ನಿಯಮ ಬರೆಯೋಣ, ಆದರೆ ಅಳೆಯುವ ಕೋಲು ಎಡಿನ್‌ಬರೊದ ಸಂಸತ್ತಿನ ಕೈಯಲ್ಲಿರಬೇಕು ಎಂದು ಅದರಲ್ಲೇ ಬರೆಯಬೇಕು. ಅಬರ್ಡೀನ್ ಅವರೇ, ಇದಕ್ಕೂ ನಿಮ್ಮ ಒಪ್ಪಿಗೆ ಇದೆಯೇ?